ಸಿಂಥೆಟಿಕ್ ಬ್ಯಾಗಿಗೆ ನೀರು ಇಳಿಯದಂತೆ ಮಾಡೋದು: ಸ್ಪ್ರೇ, ಸಿಲಿಕೋನ್, ಮೇಣ... ಯಾವುದು ನಿಲ್ಲುತ್ತೆ?

ಎರಡುಚಕ್ರ

ಬ್ಯಾಗಿನ ವಿವರ: 30 ಲೀಟರ್, 600 ಡೀನಿಯರ್ (ನೂಲಿನ ದಪ್ಪದ ಅಳತೆ) ಪಾಲಿಯೆಸ್ಟರ್, ಒಳಮೈಗೆ ಬೂದು ಲೇಪನ ಇದೆ, ಹಳೇದು. ಅಳತೆ ಸುಮಾರು 50 × 30 × 18 ಸೆಂ.ಮೀ. ಬೈಕಿನಲ್ಲಿ ಅರ್ಧ ಗಂಟೆ ಮಳೆಗೆ ಸಿಕ್ಕರೆ ತಳದಲ್ಲಿ ನೀರು ನಿಲ್ಲುತ್ತೆ, ಲ್ಯಾಪ್‌ಟಾಪ್ ಖಾನೆಯ ಕೆಳ ಅಂಚು ಒದ್ದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಲಿಕೋನ್ ಟ್ಯೂಬನ್ನ ಟರ್ಪಂಟೈನಿನಲ್ಲಿ ಕರಗಿಸಿ ಬಳೀರಿ ಅಂತಾರೆ. ಆನ್‌ಲೈನಲ್ಲಿ ನೋಡಿದರೆ ಎಲ್ಲ ಸ್ಪ್ರೇ. ಮನೇಲಿ ಮೇಣದಬತ್ತಿ ಉಜ್ಜಿದ್ರೆ ಸಾಕು ಅಂತಾರೆ. ಮುಂಗಾರು ಹತ್ತಿರ ಬಂತು. ಯಾವುದಕ್ಕೆ ದುಡ್ಡು ಹಾಕಲಿ?

ಹೊಲಿಗೆಮನೆ

ಸದ್ಯಕ್ಕೆ ಯಾವುದಕ್ಕೂ ಹಾಕಬೇಡಿ. ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದೆ ಏನು ಬಳಿದರೂ ದಂಡ. ರಿಪೇರಿಗೆ ಬರುವ ಬ್ಯಾಗುಗಳಲ್ಲಿ ನೇರವಾಗಿ ಬಟ್ಟೆಯಿಂದಲೇ ಸೋರುವುದು ಕಮ್ಮಿ. ಹೆಚ್ಚಾಗಿ ಸೋರುವುದು ಜಿಪ್ಪು, ತಳದ ಮೂಲೆ ಹೊಲಿಗೆ, ಭುಜದ ಪಟ್ಟಿ ಬಂದು ಸೇರುವ ಜಾಗ, ಬೆನ್ನ ಕಡೆಯ ಸ್ಪಂಜು.

ಪರೀಕ್ಷೆ ಹೀಗೆ ಮಾಡಿ. ಬ್ಯಾಗ್ ಖಾಲಿ ಮಾಡಿ ಪ್ರತಿ ಖಾನೆಗೂ ಒಣ ನ್ಯೂಸ್‌ಪೇಪರ್ ಉಂಡೆಕಟ್ಟಿ ತುಂಬಿ, ಗೋಡೆಗೆ ಒತ್ತಿಕೊಳ್ಳುವ ಹಾಗೆ. ಜಿಪ್ಪು ಮುಚ್ಚಿ ಬಚ್ಚಲಲ್ಲಿ ನೇತುಹಾಕಿ. ಶವರ್ ಅಥವಾ ಪೈಪಿನಲ್ಲಿ ಮೊದಲು ತಳ ಮತ್ತು ಕೆಳಗಿನ ಹತ್ತು ಸೆಂ.ಮೀ. ಮಾತ್ರ ಐದು ನಿಮಿಷ ನೆನೆಸಿ. ಹೊರಗಡೆ ಒರೆಸಿ, ತೆಗೆದು, ಯಾವ ಹಾಳೆ ಎಲ್ಲಿ ಒದ್ದೆಯಾಗಿದೆ ನೋಡಿ. ಹೊಸ ಹಾಳೆ ಹಾಕಿ ಮಧ್ಯಭಾಗ. ಆಮೇಲೆ ಬೆನ್ನ ಕಡೆ. ಕೊನೆಗೆ ಮೇಲಿನ ಜಿಪ್ಪು. ಕೆಳಗಿನಿಂದ ಮೇಲಕ್ಕೇ ಹೋಗಬೇಕು. ಮೇಲಿಂದ ಶುರು ಮಾಡಿದರೆ ನೀರು ಇಳಿದು ಎಲ್ಲಾ ಹಾಳೆಯೂ ನೆನೆದು ಏನೂ ತಿಳಿಯಲ್ಲ.

ಅನುಮಾನ ಉಳಿದರೆ ಉಲ್ಟಾ ಪರೀಕ್ಷೆ: ಒಳಗೆ ಎರಡು ಲೀಟರ್ ನೀರು ಹುಯ್ದು ನೇತುಹಾಕಿ, ಹೊರಗೆ ತೊಟ್ಟಿಕ್ಕುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇದಕ್ಕಿಂತ ಖಚಿತ ಯಾವುದೂ ಇಲ್ಲ, ಆದರೆ ಬೆನ್ನ ಸ್ಪಂಜು ಪೂರಾ ನೀರು ಕುಡಿಯುತ್ತೆ. ಒಣಗೋಕೆ ಎರಡು ದಿನ ಬೇಕು. ಮಳೆಗಾಲ ಹಿಡಿಯೋ ಮುಂಚೆ ಮಾಡಿಕೊಳ್ಳಿ.

ರಾಳರಸಾಯನ

ಮೇಲಿನವರು ಹೇಳಿದ್ದು ಸರಿ. ಬಟ್ಟೆ ಬಗ್ಗೆ ಸ್ವಲ್ಪ ಸೇರಿಸ್ತೀನಿ, ಯಾಕಂದ್ರೆ "ವಾಟರ್‌ಪ್ರೂಫ್" ಅಂತ ಒಂದೇ ಹೆಸರಲ್ಲಿ ಎರಡು ಬೇರೆಬೇರೆ ವಸ್ತು ಮಾರ್ತಾರೆ.

ಪಾಲಿಯೆಸ್ಟರ್ ನೂಲು ನೀರು ಕುಡಿಯಲ್ಲ. ಶೇ. 65 ತೇವಾಂಶದ ಗಾಳಿಯಲ್ಲಿ ಅದು ಹೀರುವುದು ತನ್ನ ತೂಕದ ಶೇ. 0.4ರಷ್ಟು, ನೈಲಾನ್ ಶೇ. 4ರ ಹತ್ತಿರ. (ಅದಕ್ಕೇ ನೈಲಾನ್ ಟೆಂಟು ಮಳೆಗೆ ಜೋಲುತ್ತೆ, ಪಾಲಿಯೆಸ್ಟರ್ ಜೋಲಲ್ಲ.) ಆದರೆ ನೂಲಿನ ಎಳೆ ಎಳೆಯ ನಡುವೆ ಸಂದು ಇರುತ್ತಲ್ಲ, ನೀರು ಅಲ್ಲಿ ಹರಡಿಕೊಂಡು ಹೋಗುತ್ತೆ. ಇದನ್ನ ತಡೆಯೋಕೆ ಕಾರ್ಖಾನೆಯಲ್ಲಿ ಎರಡು ಕೆಲಸ ಮಾಡಿರ್ತಾರೆ.

ಹೊರಮೈಗೆ ನೀರು ಉರುಳಿಸುವ ಲೇಪ, ಡಿಡಬ್ಲ್ಯುಆರ್ ಅಂತಾರೆ. ಹೊಸ ಬ್ಯಾಗಿನ ಮೇಲೆ ಹನಿ ಕೆಸುವಿನ ಎಲೆ ಮೇಲಿದ್ದ ಹಾಗೆ ಉರುಳೋದು ಇದರಿಂದ. ಇದು ಸಂದನ್ನ ಮುಚ್ಚಲ್ಲ, ನೀರು ಬಟ್ಟೆಗೆ ಹತ್ತದ ಹಾಗೆ ಮಾಡುತ್ತೆ ಅಷ್ಟೆ. ಒಳಮೈಗೆ ಪಿಯು, ಅಂದರೆ ಪಾಲಿಯುರೆಥೇನ್ ಪದರ. ನಿಜವಾಗಿ ನೀರು ತಡೆಯೋದು ಇದು. ನಿಮ್ಮ ಬೂದು ಲೇಪನ ಇದೇ ಇರಬೇಕು.

ಎರಡಕ್ಕೂ ಇರುವ ವ್ಯತ್ಯಾಸ ತಳದಲ್ಲಿ ಗೊತ್ತಾಗುತ್ತೆ. ಬ್ಯಾಗಿನಲ್ಲಿ 5 ಕೆಜಿ ಇದೆ, ಒದ್ದೆ ಸೀಟಿನ ಮೇಲೋ ನೆಲದ ಮೇಲೋ ಕೂತಿದೆ ಅಂದುಕೊಳ್ಳಿ. ತಳ 30 × 18 = 540 ಚದರ ಸೆಂ.ಮೀ. ಒಂದು ಚದರ ಸೆಂ.ಮೀ.ಗೆ 9 ಗ್ರಾಂ ಭಾರ, ಅಂದರೆ 9 ಸೆಂ.ಮೀ. ನೀರು ಮೇಲೆ ನಿಂತಷ್ಟು ಒತ್ತಡ. ಬರೀ ಸ್ಪ್ರೇ ಹೊಡೆದ, ಲೇಪನ ಇಲ್ಲದ ಬಟ್ಟೆ ಈ ಒತ್ತಡಕ್ಕೆ ನಿಲ್ಲುತ್ತೆ ಅಂತ ನಂಬೋ ಹಾಗಿಲ್ಲ. ಪಿಯು ಸರಿಯಿದ್ದರೆ ಇದು ಲೆಕ್ಕಕ್ಕೇ ಇಲ್ಲ, 1,000 ಅಥವಾ 1,500 ಮಿ.ಮೀ. ನೀರಿನ ಎತ್ತರ ತಡೆಯುವ ಬಟ್ಟೆ ಮಾಮೂಲಿಯಾಗಿ ಸಿಗುತ್ತೆ.

ಹಾಗಾಗಿ ಮೊದಲು ಒಳಗಿನ ಲೇಪನ ನೋಡಿ. ಬಟ್ಟೆಯನ್ನ ಬಾಯಿಗೆ ಒತ್ತಿ ಹೊರಗಡೆಯಿಂದ ಜೋರಾಗಿ ಊದಿ. ಗಾಳಿ ಆಚೆ ಹೋಗದಿದ್ದರೆ ಪದರ ಗಟ್ಟಿ ಇದೆ. ತಳದಲ್ಲೂ ಮಡಿಕೆ ಬೀಳುವ ಜಾಗದಲ್ಲೂ ತಪ್ಪದೆ ಪರೀಕ್ಷಿಸಿ, ಸವೆಯೋದು ಅಲ್ಲೇ.

ಮಲೆನಾಡಮಳೆ

ಮೇಣದಬತ್ತಿ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಕಾಲದಲ್ಲಿ ಸೋಪಿನ ನೀರಲ್ಲಿ ಅದ್ದಿ ಆಮೇಲೆ ಪಟಿಕದ ನೀರಲ್ಲಿ ಅದ್ದುವ ಪದ್ಧತಿ ಇತ್ತಲ್ಲ, ಅದು ಇದಕ್ಕೆ ಆಗಲ್ವಾ? ಖರ್ಚೇ ಇಲ್ಲ.

ರಾಳರಸಾಯನ

ಎರಡೂ ಹತ್ತಿ ಬಟ್ಟೆಯ ವಿದ್ಯೆ ಸರ್. ಸೋಪು ಮತ್ತು ಪಟಿಕ ಸೇರಿದರೆ ನೀರಲ್ಲಿ ಕರಗದ ಅಲ್ಯೂಮಿನಿಯಂ ಸೋಪು ಆಗುತ್ತೆ. ಹತ್ತಿ ನಾರು ಮೊದಲ ದ್ರವವನ್ನ ಒಳಗೆ ಹೀರಿಕೊಂಡಿರುತ್ತೆ, ಎರಡನೇದು ತಾಗಿದಾಗ ಅದು ನಾರಿನಲ್ಲೇ ಹುಟ್ಟಿ ಅಲ್ಲೇ ಕೂರುತ್ತೆ. ಪಾಲಿಯೆಸ್ಟರ್ ಹೀರುವುದೇ ಇಲ್ಲ, ಬಿಳಿ ಪುಡಿಯಾಗಿ ಮೇಲೆ ನಿಂತು ಎರಡು ಉಜ್ಜಿಗೆ ಉದುರುತ್ತೆ.

ಮೇಣವೂ ಹಾಗೇ. ಕ್ಯಾನ್ವಾಸಿಗೆ ಚೆನ್ನಾಗಿ ಹಿಡಿಯುತ್ತೆ. ಸ್ವೀಡನ್ನಿನ ಫ್ಯೆಲ್‌ರೇವನ್ ಕಂಪನಿಯ ಜಿ-1000 ಬಟ್ಟೆಗೆ ಮೇಣ ಹಾಕ್ತಾರೆ, ಆದರೆ ಅದರಲ್ಲಿ ಶೇ. 35 ಹತ್ತಿ ಇದೆ. ಪೂರ್ತಿ ಪಾಲಿಯೆಸ್ಟರಲ್ಲಿ ಮೇಣ ಮೇಲ್ಮೈಯಲ್ಲೇ ಕೂತು ಮಡಿಕೆಯಲ್ಲಿ ಬಿರಿಯುತ್ತೆ, ಧೂಳು ಹಿಡಿಯುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಮೇಲೆ ಕಪ್ಪು ಬ್ಯಾಗಿದ್ದರೆ ಪ್ಯಾರಾಫಿನ್ ಮೆತ್ತಗಾಗಿ ಅಂಗಿಗೂ ಹತ್ತುತ್ತೆ. ಇದೆಲ್ಲಕ್ಕಿಂತ ದೊಡ್ಡ ತೊಂದರೆ: ಒಮ್ಮೆ ಮೇಣ ಹಾಕಿದ ಹೊಲಿಗೆಗೆ ಆಮೇಲೆ ಯಾವ ಸೀಲೂ ಅಂಟಲ್ಲ. ಈಗಾಗಲೇ ಉಜ್ಜಿದ್ದರೆ ಮೇಲೊಂದು ಕೆಳಗೊಂದು ಕಾಗದ ಇಟ್ಟು ತೀರಾ ಕಡಿಮೆ ಬಿಸಿಯ ಇಸ್ತ್ರಿಯಲ್ಲಿ ಒತ್ತಿ, ಕಾಗದಕ್ಕೆ ಎಳೆದುಕೊಳ್ಳುತ್ತೆ. ಉಳಿದದ್ದನ್ನ ಟರ್ಪಂಟೈನ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ.

ಎರಡುಚಕ್ರ

ನ್ಯೂಸ್‌ಪೇಪರ್ ಪರೀಕ್ಷೆ ಆಯ್ತು. ತಳದ ಎರಡೂ ಮೂಲೆ ಒದ್ದೆ, ತಳದ ಮಧ್ಯ ಒಣಗಿದೆ. ಬೆನ್ನ ಕಡೆ ಪಟ್ಟಿ ಹೊಲಿದಿರುವ ಕೆಳತುದಿ ಎರಡೂ ಕಡೆ ಒದ್ದೆ. ಮೇಲಿನ ಜಿಪ್ಪಿನ ನಡುಮಧ್ಯ ಒಂದು ಕಡೆ ಚೆನ್ನಾಗಿ ನೆನೆದಿದೆ, ಉಳಿದಂತೆ ಜಿಪ್ಪಿನ ಉದ್ದಕ್ಕೂ ಬರೀ ತೇವ. ಊದಿ ನೋಡಿದೆ, ಗಾಳಿ ಹೋಗಲ್ಲ. ಹೊರಗೆ ಹನಿ ಹಾಕಿದರೆ ಹರಡಿಕೊಂಡು ಬಟ್ಟೆ ಬಣ್ಣ ಗಾಢ ಆಗುತ್ತೆ.

ಹೊಲಿಗೆಮನೆ

ಹಾಗಾದ್ರೆ ನಿಮ್ಮ ಬಟ್ಟೆ ಗಟ್ಟಿಮುಟ್ಟಾಗಿದೆ. ಇಡೀ ಬ್ಯಾಗಿಗೆ ಸಿಲಿಕೋನ್ ಬಳಿಯೋ ಯೋಚನೆ ಬಿಡಿ. ನಿಮಗೆ ಬೇಕಿರೋದು ಹೊಲಿಗೆ ಸೀಲು.

ಜಿಪ್ಪಿನ ನಡುಮಧ್ಯದ್ದು ಪುಕ್ಕಟೆ ರಿಪೇರಿ. ಎರಡು ರನ್ನರ್ ಬಂದು ಸೇರುವ ಜಾಗ ಅದು. ಎರಡು ರನ್ನರ್ ಮೂಗಿಗೆ ಮೂಗು ತಾಗಿಸಿ ನಿಲ್ಲಿಸಿದರೂ ನಡುವೆ ಹಲ್ಲು ಕಚ್ಚದ ಜಾಗ ಉಳಿಯುತ್ತೆ, ಬೆಂಕಿಕಡ್ಡಿ ತೂರುವಷ್ಟು. ಅದು ಬ್ಯಾಗಿನ ನೆತ್ತಿ ಮೇಲೇ ಇದ್ದರೆ ನೀರು ಸೀದಾ ಒಳಗೆ. ಮಳೆಯಲ್ಲಿ ಎರಡೂ ರನ್ನರನ್ನ ಒಂದೇ ಪಕ್ಕದ ತುದಿಗೆ ಎಳೆದು ಇಡಿ.

ಈಗ ಹೊಲಿಗೆ. ಒಂದು ಇಂಚಿಗೆ ಏಳೆಂಟು ತೂತು ಅಂದುಕೊಂಡರೂ ಒಂದು ಮೀಟರಿಗೆ ಮುನ್ನೂರು ತೂತು. ಅದರ ಮೇಲೆ ದಾರ ಬೇರೆ ಬತ್ತಿ ಹಾಗೆ ನೀರೆಳೆಯುತ್ತೆ. ಟೆಂಟಲ್ಲಿ ಹೊಲಿಗೆ ಬೋಳಾಗಿರೋದ್ರಿಂದ ಸೀಲ್ ಮಾಡೋದು ಸುಲಭ. ಬ್ಯಾಗಲ್ಲಿ ಒಳಗಡೆ ಬಟ್ಟೆ ಅಂಚನ್ನ ಮುಚ್ಚೋಕೆ ಬೈಂಡಿಂಗ್ ಪಟ್ಟಿ ಹೊಲಿದಿರ್ತಾರೆ, ಎಲ್ಲರೂ ಎಡವೋದು ಇಲ್ಲೇ. ಪಟ್ಟಿಯ ನೆತ್ತಿ ಮೇಲೆ ಸೀಲ್ ಸುರಿದು ಮುಗೀತು ಅಂತಾರೆ. ಪಟ್ಟಿಯ ಕೆಳಗಿನ ತೂತು ಹಾಗೇ ಇರುತ್ತೆ, ನೀರು ಪಟ್ಟಿಯೊಳಗೆ ಹರಿದು ಬೇರೆ ಕಡೆ ಇಳಿಯುತ್ತೆ.

ಮಾಡಬೇಕಾದ್ದು: ಬ್ಯಾಗನ್ನ ಒಳಹೊರಗು ತಿರುಗಿಸಿ. ಪಟ್ಟಿ ಗೋಡೆಯ ಬಟ್ಟೆಗೆ ಸೇರುವ ಬುಡ ಇದೆಯಲ್ಲ, ಅದರ ಎರಡೂ ಪಕ್ಕ ಹೊಲಿಗೆ ಸೀಲರ್ ಎಳೆಯಿರಿ. ಪಟ್ಟಿಯನ್ನ ಒಂದು ಕಡೆ ಬಾಗಿಸಿ ಹಿಡಿದು ಬುಡ ಕಾಣುವಂತೆ ಮಾಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ 6 ಮಿ.ಮೀ. ಅಗಲಕ್ಕೆ ಎಳೆದು, ಗಟ್ಟಿ ಬ್ರಷ್ಷಿನಲ್ಲಿ ತೂತಿನೊಳಗೆ ಕುಕ್ಕಿ ತಳ್ಳಬೇಕು. ಸವರಿದರೆ ಮೇಲೆ ಪೊರೆ ಕಟ್ಟುತ್ತೆ ಅಷ್ಟೆ, ತೂತು ತುಂಬಲ್ಲ. ಆಮೇಲೆ ಪಟ್ಟಿಯ ಮೇಲೂ ಒಂದು ಕೈ ಬಳಿದು ಪಟ್ಟಿಯನ್ನೇ ನೆನೆಸಿಬಿಡಿ, ಅದರೊಳಗೆ ನೀರು ಹರಿಯೋದು ನಿಲ್ಲುತ್ತೆ.

ಮೂಲೆಯಲ್ಲಿ ಮೂರು ಹೊಲಿಗೆ ಸೇರುತ್ತೆ, ದಪ್ಪ ಇರುತ್ತೆ. ಅಲ್ಲಿ ಒಂದು ಸಲ ಬಳಿದು, ನಾಲ್ಕು ಗಂಟೆ ಬಿಟ್ಟು ಇನ್ನೊಂದು ಸಲ. ಭುಜದ ಪಟ್ಟಿಯ ತುದಿಗೆ ಒಳಗಿನಿಂದ ಸಾಲದು, ಹೊರಗಡೆಯೂ ಪಟ್ಟಿ ಬಟ್ಟೆಗೆ ಹೊಕ್ಕ ಸಂದಿಗೆ ತುಂಬಿ. ನವಾರು ಪಟ್ಟಿ ಒದ್ದೆಯಾದರೆ ನೀರನ್ನ ಎಳೆದು ತಂದು ಅಲ್ಲೇ ಒಳಗೆ ಬಿಡುತ್ತೆ.

ಯಾವ ಸೀಲರ್? ಪಿಯು ಲೇಪನಕ್ಕೆ ಪಿಯು ಸೀಲರ್. ಗೇರ್ ಏಡ್ ಕಂಪನಿಯ ಸೀಮ್ ಗ್ರಿಪ್ ಡಬ್ಲ್ಯುಪಿ ಇದಕ್ಕೇ ಇರೋದು. 28 ಗ್ರಾಂ ಟ್ಯೂಬು ಸಾಕು: 6 ಮಿ.ಮೀ. ಅಗಲ, ಅರ್ಧ ಮಿ.ಮೀ. ದಪ್ಪ ಎಳೆದರೆ ಮೀಟರಿಗೆ 3 ಮಿಲಿ, ನಿಮಗೆ ನಾಲ್ಕು ಮೀಟರ್ ಇದ್ದರೂ 12 ಮಿಲಿ. ಇದು ಗಾಳಿಯ ತೇವ ಹೀರಿ ಗಟ್ಟಿಯಾಗುವ ಜಾತಿ. ರಾತ್ರಿ ಹಚ್ಚಿದರೆ ಬೆಳಗ್ಗೆಗೆ ಆಗಿರುತ್ತೆ. ಒಡೆದ ಟ್ಯೂಬು ಕಪಾಟಿನಲ್ಲಿಟ್ಟರೆ ಕಲ್ಲಾಗುತ್ತೆ, ಮುಚ್ಚಳ ಬಿಗಿಮಾಡಿ ಜಿಪ್ ಕವರಿಗೆ ಹಾಕಿ ಫ್ರೀಜರಲ್ಲಿಡಿ. ಮನೆಯವರಿಗೆ ಹೇಳಿಡಿ, ಮಕ್ಕಳ ಕೈಗೆ ಸಿಗಬಾರದು. ಒಣಗಿದ ಮೇಲೆ ಸೀಲ್ ಮಾಡಿದ ಜಾಗಕ್ಕೆಲ್ಲ ಟಾಲ್ಕಂ ಪೌಡರ್ ಉದುರಿಸಿ, ಇಲ್ಲಾಂದ್ರೆ ಮಡಿಚಿದಾಗ ಒಂದಕ್ಕೊಂದು ಅಂಟಿಕೊಳ್ಳುತ್ತೆ.

ಹಚ್ಚೋ ಮುಂಚೆ ಹೊಲಿಗೆಯನ್ನ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸೋದು ಮರೀಬೇಡಿ. ಸರ್ಕ್ಯೂಟ್ ಬೋರ್ಡ್ ತೊಳೆಯೋಕೆ ಅಂತ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಶೇ. 99ರದ್ದು ಸಿಗುತ್ತೆ, ಬೆಂಗಳೂರಲ್ಲಾದರೆ ಎಸ್‌ಪಿ ರೋಡು. ಸ್ಯಾನಿಟೈಸರ್ ಬೇಡ, ಗ್ಲಿಸರಿನ್ ಇರುತ್ತೆ, ಸೀಲ್ ಎದ್ದು ಬರುತ್ತೆ.

ಚಾರಣಚೀಲ

ಸಿಲಿಕೋನನ್ನ ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. ಆ 28 ಗ್ರಾಂ ಟ್ಯೂಬು ಊರಲ್ಲೆಲ್ಲ ಸಿಗಲ್ಲ, ಸಿಕ್ಕರೂ ದುಬಾರಿ. ಹಾರ್ಡ್‌ವೇರ್ ಅಂಗಡಿಯ 280 ಮಿಲಿ ಸಿಲಿಕೋನ್ ಟ್ಯೂಬು ಹತ್ತು ಬ್ಯಾಗಿಗೆ ಬರುತ್ತೆ. ಹೊರಮೈ ಲೇಪ ಹೋಗಿರುವ ಹಳೇ ಬ್ಯಾಗಿಗೆ, ಒಳಗಿನ ಪಿಯು ಉದುರಿಹೋಗಿರುವ ಬ್ಯಾಗಿಗೆ ಇದು ಒಳ್ಳೇ ದಾರಿ. ಕ್ರಮ ತಿಳಿದಿರಬೇಕು ಅಷ್ಟೆ.

ಟ್ಯೂಬ್ ಮೇಲೆ "ನ್ಯೂಟ್ರಲ್" ಅಂತಿರೋದು, ಬಣ್ಣವಿಲ್ಲದ್ದು ತಗೊಳ್ಳಿ. ವಿನೆಗರ್ ವಾಸನೆ ಹೊಡೆಯೋದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ, ಲೋಹದ ರನ್ನರ್, ಪಟ್ಟಿಗೆ ಹಾಕಿದ ಬಳೆ ತುಕ್ಕು ಹಿಡಿಯುತ್ತೆ. "ಅಕ್ರಿಲಿಕ್" ಅಂತ ಬರೆದಿರೋದು ನೀರಿನ ಮೂಲದ್ದು, ಟರ್ಪಂಟೈನಿನಲ್ಲಿ ಕರಗೋದೇ ಇಲ್ಲ, ಹೆಪ್ಪುಗಟ್ಟುತ್ತೆ. ದ್ರಾವಕವಾಗಿ ಪೇಂಟ್ ಅಂಗಡಿಯ ಮಿನರಲ್ ಟರ್ಪಂಟೈನ್. ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಬಣ್ಣ ತೆಳುಮಾಡುವ ಖಾರದ ದ್ರಾವಕ) ಕೊಟ್ಟರೆ ವಾಪಸ್ ಕೊಡಿ, ಒಳಗಿನ ಪಿಯುವನ್ನೇ ಕರಗಿಸಬಹುದು.

ನಿಮ್ಮ ಅಳತೆಯ ಬ್ಯಾಗಿಗೆ ಆರೂ ಮುಖ ಸೇರಿ 5,880 ಚದರ ಸೆಂ.ಮೀ., ಅಂದರೆ 0.6 ಚದರ ಮೀಟರಿಗೆ ಸ್ವಲ್ಪ ಕಮ್ಮಿ. ಇದಕ್ಕೆ 30 ಗ್ರಾಂ ಸಿಲಿಕೋನ್, 150ರಿಂದ 200 ಮಿಲಿ ಟರ್ಪಂಟೈನ್ ಸಾಕು. ಒಂದೇ ಸಲ ಸುರಿಯಬಾರದು. ಗಾಜಿನ ಬಾಟಲಿಗೆ ಸಿಲಿಕೋನ್ ಹಾಕಿ, ಎರಡು ಚಮಚ ಟರ್ಪಂಟೈನ್ ಹಾಕಿ ಕಡ್ಡಿಯಲ್ಲಿ ಪೇಸ್ಟ್ ಆಗುವ ತನಕ ಅರೆಯಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಗಂಟು ಉಳಿದರೆ ಎರಡು ಕಬ್ಬಿಣದ ನಟ್ ಹಾಕಿ ಮುಚ್ಚಿ ಅಲುಗಾಡಿಸಿ. ಗಾಳಿ ತೇವಕ್ಕೆ ಗಟ್ಟಿಯಾಗೋಕೆ ಶುರುವಾಗುವ ಕಾರಣ ಬೆರೆಸಿದ ಅರ್ಧ ಗಂಟೆಯೊಳಗೆ ಬಳಿದು ಮುಗಿಸಿ.

ಎರಡು ಇಂಚಿನ ಬ್ರಷ್ಷಲ್ಲಿ ಹೊರಮೈಗೆ ಬಳಿಯಿರಿ, ಬಟ್ಟೆ ಕುಡಿಯಲು ಎರಡು ನಿಮಿಷ ಬಿಡಿ, ಆಮೇಲೆ ಹಳೇ ಬನಿಯನ್ ತುಂಡಿನಲ್ಲಿ ಹೆಚ್ಚಾಗಿದ್ದನ್ನೆಲ್ಲ ಒರೆಸಿಬಿಡಿ. ಈ ಒರೆಸೋ ಕೆಲಸ ಬಿಟ್ಟವರ ಬ್ಯಾಗು ಅಲ್ಲಲ್ಲಿ ಹೊಳೆಯುತ್ತೆ, ಅಂಟಂಟಾಗಿ ಕೆಂಪು ಧೂಳು ಹಿಡಿದು ಕೂರುತ್ತೆ. ಜಿಪ್ಪಿನ ಹಲ್ಲಿಗೆ, ಬೆನ್ನಿನ ಜಾಲರಿಗೆ, ಬಕಲ್ಲಿಗೆ ತಾಗಬಾರದು. ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ. ಬಾಲ್ಕನಿಯಲ್ಲೋ ಅಂಗಳದಲ್ಲೋ ಮಾಡಿ, ಹತ್ತಿರ ಒಲೆ, ಊದುಬತ್ತಿ ಯಾವುದೂ ಉರಿಯುತ್ತಿರಬಾರದು. ನೆರಳಲ್ಲಿ ಎರಡು ದಿನ ಒಣಗಿಸಿ. ಒರೆಸಿದ ಬಟ್ಟೆಯನ್ನೂ ಬಯಲಲ್ಲಿ ಹರಡಿ ಒಣಗಿಸಿಯೇ ಕಸಕ್ಕೆ ಹಾಕಿ.

ರಾಳರಸಾಯನ

ಕ್ರಮ ಸರಿಯಾಗಿದೆ. ಆದರೆ ಒಂದು ಎಚ್ಚರಿಕೆ ಸೇರಿಸಲೇಬೇಕು: ಸಿಲಿಕೋನ್ ಕೂತ ಜಾಗಕ್ಕೆ ಇನ್ನು ಮುಂದೆ ಸಿಲಿಕೋನ್ ಬಿಟ್ಟು ಬೇರೇನೂ ಅಂಟಲ್ಲ. ಪಿಯು ಸೀಲರ್, ಟೇಪು, ತೇಪೆಯ ಗಮ್ಮು, ಯಾವುದೂ. ಅದಕ್ಕೇ ಸಿಲಿಕೋನ್ ಕೊನೇ ಉಪಾಯ, ಮೊದಲನೇದಲ್ಲ. ಮತ್ತೆ ಪಿಯು ಮೈಗೆ ಸಿಲಿಕೋನ್ ಚೆನ್ನಾಗಿ ಹಿಡಿಯಲ್ಲ. ಹೊರಮೈಯ ಬರಿ ನೂಲಿನ ಸಂದಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತೆ, ಒಳಗಡೆ ಬಳಿದರೆ ಪೊರೆಯಾಗಿ ಸುಲಿದು ಬರುತ್ತೆ. ಒಳಹೊಲಿಗೆಗೆ ಸಿಲಿಕೋನ್ ಹಚ್ಚಿ "ಕೆಲಸ ಮಾಡಲಿಲ್ಲ" ಅನ್ನೋರ ದೂರಿಗೆ ಮುಕ್ಕಾಲುಪಾಲು ಇದೇ ಕಾರಣ.

ನಿಮ್ಮ ಬ್ಯಾಗಿನ ಲೇಪನ ಯಾವುದು ಅಂತ ಗೊತ್ತಿಲ್ಲದಿದ್ದರೆ ಒಳಗಡೆ ಮೂಲೆಯಲ್ಲಿ ಕಡಲೆಕಾಳಷ್ಟು ಸಿಲಿಕೋನ್ ಹಚ್ಚಿ ಒಂದು ದಿನ ಬಿಡಿ. ಉಗುರಲ್ಲಿ ಎಬ್ಬಿಸಿದಾಗ ಇಡಿಯಾಗಿ ಕಿತ್ತು ಬಂದರೆ ಪಿಯು. ಬಟ್ಟೆ ಬಿಡದೆ ಹರಿದು ಬಂದರೆ ಸಿಲಿಕೋನ್ ಲೇಪನದ ಬಟ್ಟೆ, ತೆಳ್ಳನೆಯ ಹಗುರ ಚಾರಣದ ಬ್ಯಾಗು ಕೆಲವು ಹಾಗಿರುತ್ತೆ, ಅದಕ್ಕೆ ಸಿಲಿಕೋನೇ ಗತಿ. ಒಳಹೊಲಿಗೆ ಮೇಲೆ ಕಾರ್ಖಾನೆಯದೇ ಪಾರದರ್ಶಕ ಟೇಪು ಇದ್ದರೆ ಪರೀಕ್ಷೆ ಬೇಡ, ಆ ಮೈ ಪಿಯು.

ಟಾರ್ಪಾಲಿನಂಥ ದಪ್ಪ ಪಿವಿಸಿ ಬ್ಯಾಗು ಬೇರೆ ಕಥೆ. ಅದರ ಜೋಡಣೆ ಹೊಲಿಗೆಯಲ್ಲ, ಬೆಸುಗೆ. ತೂತಾದರೆ ಅದೇ ಪಿವಿಸಿ ತುಂಡನ್ನ ಪಿವಿಸಿ ಗಮ್ಮಿನಲ್ಲಿ ಅಂಟಿಸಬೇಕು.

ಅಂಟುಮುಂಟು

ನನ್ನ ಬ್ಯಾಗಿನ ಒಳಗೆ ಪಿಯು ಜಿಗುಟಾಗಿದೆ, ಪುಸ್ತಕದ ರಟ್ಟಿಗೆ ಅಂಟುತ್ತೆ, ವಾಂತಿಯಂಥ ನಾತ. ತೊಳೆದರೂ ಹೋಗ್ತಿಲ್ಲ. ಇದರ ಮೇಲೇ ಸೀಲರ್ ಹಚ್ಚಬಹುದಾ?

ರಾಳರಸಾಯನ

ಖಂಡಿತ ಬೇಡ. ಅದು ಕೊಳೆಯಲ್ಲ, ಪಿಯು ಪದರವೇ ಒಡೆಯುತ್ತಿದೆ. ಅಗ್ಗದ ಲೇಪನಗಳಲ್ಲಿ ಎಸ್ಟರ್ ಜಾತಿಯ ಪಿಯು ಇರುತ್ತೆ. ಗಾಳಿಯ ತೇವ ಮತ್ತು ಶಾಖ ಸೇರಿ ಆ ಎಸ್ಟರ್ ಕೊಂಡಿಗಳನ್ನ ಕತ್ತರಿಸುತ್ತವೆ, ಆಗ ಮೊದಲು ಜಿಗುಟು, ಆಮೇಲೆ ನಾತ, ಕೊನೆಗೆ ಹೊಟ್ಟು ಹೊಟ್ಟಾಗಿ ಉದುರೋದು. ಈಥರ್ ಜಾತಿಯ ಪಿಯು ಹೀಗೆ ಬೇಗ ಹಾಳಾಗಲ್ಲ. ಕರಾವಳಿ, ಮಲೆನಾಡಿನಲ್ಲಿ ಅಟ್ಟದ ಮೇಲೆ ಒದ್ದೆ ಬ್ಯಾಗು ಸುತ್ತಿಟ್ಟರೆ ಮಳೆಗೆ ಹಾಕಿಕೊಳ್ಳದಿದ್ದರೂ ಇದು ಆಗುತ್ತೆ. ಒಮ್ಮೆ ಶುರುವಾದರೆ ಹಿಂದಕ್ಕೆ ತರೋಕೆ ಆಗಲ್ಲ, ತೆಗೆದುಹಾಕಬೇಕು.

ಒಳಹೊರಗು ತಿರುಗಿಸಿ ಬೆಚ್ಚಗಿನ ಸೋಪಿನ ನೀರಲ್ಲಿ ಒಂದು ಗಂಟೆ ನೆನೆಸಿ, ಪ್ಲಾಸ್ಟಿಕ್ ಬ್ರಷ್ಷಲ್ಲಿ ಉಜ್ಜಿ. ಬಿಟ್ಟಷ್ಟು ಬಿಡುತ್ತೆ. ಒಣಗಿಸಿ, ಉಳಿದ ಜಿಗುಟನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಅಂಗೈಯಗಲ ಜಾಗಕ್ಕೊಂದು ಸಲ ಒರೆಸಿ. ಬಟ್ಟೆ ಮೇಲೆ ಬೂದು ಹಿಟ್ಟಿನಂಥದ್ದು ಸುರುಳಿ ಸುತ್ತಿಕೊಂಡು ಎದ್ದು ಬರುತ್ತೆ. ಆ ತುಂಡನ್ನ ಆಗಾಗ ಬದಲಾಯಿಸದಿದ್ದರೆ ತೆಗೆದದ್ದನ್ನೇ ಮತ್ತೆ ಬಳಿದ ಹಾಗಾಗುತ್ತೆ. ಕೈಗವಸು, ತೆರೆದ ಕಿಟಕಿ. ಬಣ್ಣ ಬಿಡುತ್ತಾ ಅಂತ ಒಳಮೂಲೆಯಲ್ಲಿ ಮೊದಲು ನೋಡಿಕೊಳ್ಳಿ.

ಪದರ ಹೋದ ಮೇಲೆ ಅದು ಬರೀ ಬಟ್ಟೆ. ಟೆಂಟಿನ ತಳಕ್ಕೆ ಅಂತ ಬರುವ ನೀರಿನ ಮೂಲದ ಪಿಯು ಲೇಪನವನ್ನ ತಳಕ್ಕೂ ಅದರ ಸುತ್ತ ಹತ್ತು ಸೆಂ.ಮೀ. ಎತ್ತರಕ್ಕೂ ಎರಡು ಕೈ ಬಳಿದರೆ ಕೆಲಸ ಆಗುತ್ತೆ. 50 × 30 × 18 ಅಳತೆಯ ಬ್ಯಾಗಿಗೆ ಇದು 0.15 ಚದರ ಮೀಟರ್, ಒಂದು ಕೈಗೆ 15ರಿಂದ 20 ಗ್ರಾಂ. ಅಥವಾ ಚಾರಣಚೀಲ ಹೇಳಿದ ಸಿಲಿಕೋನ್ ಹೊರಗಿನಿಂದ. ಅದೂ ಬೇಡ ಅಂದ್ರೆ ಏನೂ ಬಳಿಯದೆ ಒಳಚೀಲ ಹಾಕಿಕೊಳ್ಳಿ. ತೀರಾ ಹಳೇ ಬ್ಯಾಗಿಗೆ ಮೂರನೇದೇ ವಾಸಿ.

ಮಲೆನಾಡಮಳೆ

ಆ ಮೂರನೇದರ ಬಗ್ಗೆ. ಬೆಂಗಳೂರಿನ ಅರ್ಧ ಗಂಟೆ ಮಳೆ ಬೇರೆ, ವರ್ಷಕ್ಕೆ ಏಳು ಸಾವಿರ ಮಿ.ಮೀ. ಬೀಳುವ ಆಗುಂಬೆ ಕಡೆಯ ಮಳೆ ಬೇರೆ. ಇಲ್ಲಿ ಮೂರು ದಿನ ಬಿಡದೆ ಹೊಡೆದರೆ ಯಾವ ಸೀಲೂ ಬ್ಯಾಗನ್ನ ಕಾಪಾಡಲ್ಲ. ಬ್ಯಾಗ್ ನೆನೆಯಲಿ, ಒಳಗಿನ ಸಾಮಾನು ನೆನೆಯಬಾರದು ಅನ್ನೋ ಲೆಕ್ಕದಲ್ಲೇ ಹೊರಡಬೇಕು.

400 ಗೇಜಿನ, ಅಂದರೆ 100 ಮೈಕ್ರಾನಿನ ಪಾಲಿಥಿನ್ ಚೀಲ. ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಕಸದ ಚೀಲ ತೆಳ್ಳಗಿರುತ್ತೆ, ಟಿಫನ್ ಬಾಕ್ಸಿನ ಮೂಲೆ ತಾಗಿದರೂ ತೂತು. ಸುತ್ತಳತೆ ಬ್ಯಾಗಿಗಿಂತ ಹತ್ತು ಹದಿನೈದು ಸೆಂ.ಮೀ. ಜಾಸ್ತಿ ಇರಲಿ, ಬಿಗಿಯಾಗಿದ್ದರೆ ಚೀಲದ ಬೆಸುಗೆ ಗುಂಟ ಹರಿಯುತ್ತೆ. ಉದ್ದ 80 ಸೆಂ.ಮೀ. ಆದರೂ ಬೇಕು, ಯಾಕಂದ್ರೆ ಬಾಯಿ ಮುಚ್ಚೋ ವಿಧಾನದಲ್ಲೇ ಎಲ್ಲಾ ಇದೆ: ಗಾಳಿ ಹಿಂಡಿ, ಕತ್ತನ್ನ ಬಿಗಿಯಾಗಿ ತಿರುಚಿ, ತಿರುಚಿದ್ದನ್ನ ಅರ್ಧಕ್ಕೆ ಮಡಿಚಿ, ಮಡಿಕೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಬೇಕು. ಬರೀ ಗಂಟು ಹಾಕಿದರೆ ಸುಕ್ಕಿನ ಸಂದಿನಲ್ಲಿ ನೀರಿಳಿಯುತ್ತೆ, ಬಿಚ್ಚೋವಾಗ ಹರಿಯೋದೂ ಖಚಿತ. ಹೊರಡೋ ಮುಂಚೆ ಗಾಳಿ ತುಂಬಿಸಿ ಕತ್ತು ಹಿಡಿದು ಒತ್ತಿ ನೋಡಿ, ತೂತಿದ್ದರೆ ಕೆನ್ನೆ ಹತ್ತಿರ ಹಿಡಿದಾಗ ಗೊತ್ತಾಗುತ್ತೆ.

ರೇನ್ ಕವರ್ ನಂಬಿಕೊಂಡವರಿಗೆ: ಅದು ಬೆನ್ನ ಕಡೆ ಮುಚ್ಚಲ್ಲ. ರೇನ್‌ಕೋಟಿನ ಬೆನ್ನ ಮೇಲೆ ಇಳಿದ ನೀರು ಬ್ಯಾಗಿನ ಬೆನ್ನಿಗೆ ಹರಿದು ಕವರಿನ ತಳದಲ್ಲಿ ಸೇರಿಕೊಂಡು ನಿಲ್ಲುತ್ತೆ. ಬ್ಯಾಗು ಆ ಕೆರೆಯಲ್ಲೇ ಕೂತಿರುತ್ತೆ. ಮೂಲ ಪ್ರಶ್ನೆಯ ತಳದ ಮೂಲೆ ಒದ್ದೆಗೆ ಕವರ್ ಬಳಸಿದ್ದರೆ ಇದೂ ಒಂದು ಕಾರಣ ಇರಬಹುದು. ಕವರಿನ ಅತಿ ತಗ್ಗಿನ ಜಾಗದಲ್ಲಿ 8 ಮಿ.ಮೀ. ಐಲೆಟ್ (ಲೋಹದ ಬಳೆ ಕೂರಿಸಿದ ತೂತು) ಒಂದು ಹೊಡೆಸಿ, ನೀರು ಹೊರಗೆ ಹೋಗುತ್ತೆ. ಬೈಕಿನ ಗಾಳಿಗೆ ಕವರ್ ಹಾರದ ಹಾಗೆ ಅಡ್ಡ ಒಂದು ಎಲಾಸ್ಟಿಕ್ ಪಟ್ಟಿ ಕೂಡ.

ಲ್ಯಾಪ್‌ಟಾಪನ್ನ ಒಳಚೀಲಕ್ಕೂ ಮುಂಚೆ ಅದರದ್ದೇ ಕವರಿಗೆ ಹಾಕಿ. ಒದ್ದೆ ಜರ್ಕಿನ್, ಟವೆಲ್ ಎಂದೂ ಒಳಚೀಲದೊಳಗೆ ಹಾಕಬೇಡಿ, ಮಳೆಗಿಂತ ಜಾಸ್ತಿ ಹಾನಿ ಅದರಿಂದ.

ಎರಡುಚಕ್ರ

ಸೀಲರ್ ತರಿಸ್ತಿದ್ದೀನಿ. ಹೊರಮೈಗೆ ಸ್ಪ್ರೇ ಬೇಕಾ ಹಾಗಾದ್ರೆ? ಬೇಕಿದ್ದರೆ ಸೀಲಿಗೆ ಮುಂಚೆಯೋ ಆಮೇಲೋ?

ರಾಳರಸಾಯನ

ತೊಳೆಯೋದು, ಸೀಲು, ಆಮೇಲೆ ಸ್ಪ್ರೇ. ಸ್ಪ್ರೇ ಮೊದಲು ಹೊಡೆದರೆ ನೀರನ್ನ ತಳ್ಳುವ ಹಾಗೆ ಸೀಲರನ್ನೂ ತಳ್ಳುತ್ತೆ. ಬೇಕಾ ಅಂದರೆ, ನಿಮ್ಮ ಪಿಯು ಗಟ್ಟಿ ಇರೋದರಿಂದ ಕಡ್ಡಾಯ ಅಲ್ಲ. ಆದರೆ ಹೊರಬಟ್ಟೆ ನೀರು ಹಿಡಿದುಕೊಂಡರೆ ಬ್ಯಾಗು ಭಾರ ಆಗುತ್ತೆ, ಒಣಗೋದು ನಿಧಾನ, ಹೊಲಿಗೆ ಮೇಲೆ ಸದಾ ತೇವ ನಿಂತಿರುತ್ತೆ.

ತೊಳೆಯೋದೇ ಅರ್ಧ ಔಷಧ. 10 ಲೀಟರ್ ತಣ್ಣೀರಿಗೆ 10 ಮಿಲಿ ಮೃದು ದ್ರವ ಸೋಪು, ಅಷ್ಟೇ. ಬಟ್ಟೆ ಪೌಡರಿನ ಅಂಶ ಸ್ವಲ್ಪ ಉಳಿದರೂ ಅದು ನೀರನ್ನ ಕರೆಯುತ್ತೆ. ಸಾಫ್ಟ್‌ನರ್ ಇನ್ನೂ ಕೆಟ್ಟದು. ಬ್ಲೀಚ್ ನೈಲಾನನ್ನೂ ಪಿಯುವನ್ನೂ ತಿನ್ನುತ್ತೆ. ಮೂರು ಸಲ ಜಾಲಾಡಿಸಿ. ಒಣಗಿದ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಕಡಿಮೆ ಬಿಸಿ ಇಸ್ತ್ರಿಯನ್ನ ಹೊರಮೈ ಮೇಲೆ ಆಡಿಸಿ, ಸ್ಪಂಜಿರುವ ಕಡೆ ಹೇರ್ ಡ್ರೈಯರ್. ಹಳೇ ಲೇಪ ಸ್ವಲ್ಪ ಉಳಿದಿದ್ದರೆ ಶಾಖಕ್ಕೆ ಮತ್ತೆ ಎದ್ದು ನಿಲ್ಲುತ್ತೆ. ಹನಿ ಉರುಳತೊಡಗಿದರೆ ಸ್ಪ್ರೇ ದುಡ್ಡು ಉಳೀತು. ಒಳಮೈಗೆ, ಅಂದರೆ ಪಿಯು ಕಡೆಗೆ, ಇಸ್ತ್ರಿ ತಾಗಿಸಬೇಡಿ.

ಉರುಳದಿದ್ದರೆ ನಿಕ್‌ವ್ಯಾಕ್ಸ್‌ನಂಥ ನೀರಿನ ಮೂಲದ ಸ್ಪ್ರೇ. ಬಟ್ಟೆಯನ್ನ ಮತ್ತೆ ಒದ್ದೆ ಮಾಡಿಕೊಂಡು 15 ಸೆಂ.ಮೀ. ದೂರದಿಂದ ಹೊಡೆದು, ಎರಡು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ. ನಿಮ್ಮ ಅಳತೆಗೆ ಸುಮಾರು 100 ಮಿಲಿ. ಹಳೇ ಫ್ಲೋರಿನ್ ಲೇಪಗಳು ನೀರನ್ನೂ ಎಣ್ಣೆಯನ್ನೂ ತಳ್ಳುತ್ತಿದ್ದವು. ಆ ಲೇಪಗಳ ಜೊತೆ ಬರುತ್ತಿದ್ದ ಪಿಎಫ್‌ಒಎ ಎಂಬ ಫ್ಲೋರಿನ್ ರಾಸಾಯನಿಕ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ಕರಗದ ವಿಷವಸ್ತುಗಳ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ) ನಿಷೇಧ ಪಟ್ಟಿಗೆ ಸೇರಿತು, ಆ ಕಡೆಯ ರಾಸಾಯನಿಕಗಳೆಲ್ಲ ಒಂದೊಂದಾಗಿ ಹಿಂದೆ ಸರೀತಿವೆ. ಫ್ಲೋರಿನ್ ಇಲ್ಲದ ಈಗಿನವು ನೀರನ್ನ ಚೆನ್ನಾಗಿ ತಳ್ಳುತ್ತವೆ, ಎಣ್ಣೆಯನ್ನಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಾಕಿಕೊಳ್ಳುವವರ ಬ್ಯಾಗಿನ ಮೇಲ್ತುದಿ, ಕೈ ಬೆವರು ತಾಗುವ ಹಿಡಿ ಮೊದಲು ನೆನೆಯೋದು ಅದಕ್ಕೇ. ಅಲ್ಲಿಗೆ ಮಾತ್ರ ಮಳೆಗಾಲದ ಮಧ್ಯೆ ಇನ್ನೊಂದು ಸಲ ತೊಳೆದು ಹೊಡೆಯಿರಿ.

ಚಾರಣಚೀಲ

ಜಿಪ್ಪಿನ ಉದ್ದಕ್ಕೂ ತೇವ ಅಂದಿದ್ರಲ್ಲ, ಅದಕ್ಕೆ ಸೀಲರ್ ಸವರೋಕೆ ಹೋಗಬೇಡಿ, ರನ್ನರ್ ಕಚ್ಚಿಕೊಳ್ಳುತ್ತೆ. ಲೇಪನ ಇರುವ ಹೊಳಪು ಜಿಪ್ಪಿಗೆ ಬದಲಾಯಿಸಬಹುದು. ಹಲ್ಲು ಒಳಗಡೆ, ಹೊರಗೆ ಪಿಯು ಪೊರೆ ಇರುತ್ತೆ. ಅದೂ ಪೂರ್ತಿ ನೀರು ತಡೆಯಲ್ಲ, ತಡ ಮಾಡುತ್ತೆ.

ಹೊಲಿಗೆಮನೆ

ಜಿಪ್ಪು ಬದಲಾಯಿಸಿದರೆ ಹೊಸದಾಗಿ ಎರಡು ಸಾಲು ತೂತು ಬೀಳುತ್ತೆ, ಅದನ್ನೂ ಸೀಲ್ ಮಾಡಬೇಕು. ಅದಕ್ಕಿಂತ ಜಿಪ್ಪಿನ ಮೇಲೆ 4 ಸೆಂ.ಮೀ. ಅಗಲದ ಮುಚ್ಚಳಪಟ್ಟಿ ಹೊಲಿಸಿ. ಲೇಪನ ಇರುವ ಬಟ್ಟೆಯನ್ನೇ ಎರಡು ಮಡಿಕೆ ಮಾಡಿ, ಹೊಲಿಗೆ ಜಿಪ್ಪಿನ ಮೇಲ್ಪಕ್ಕ ಬರಬೇಕು, ಪಟ್ಟಿ ಕೆಳಕ್ಕೆ ಜೋತುಬೀಳಬೇಕು. ಉಲ್ಟಾ ಹೊಲಿದರೆ ನೀರು ಹಿಡಿಯೋ ದೋಣಿ ಆಗುತ್ತೆ, ಟೈಲರಿಗೆ ಬ್ಯಾಗು ಬೆನ್ನಿಗೆ ಹಾಕಿಕೊಂಡೇ ತೋರಿಸಿ. ಆ ಹೊಲಿಗೆಗೂ ಒಳಗಡೆಯಿಂದ ಅದೇ ಟ್ಯೂಬಿನ ಸೀಲರ್. 12 ಮಿಲಿ ಲೆಕ್ಕಕ್ಕೆ ಇನ್ನೊಂದು 3 ಮಿಲಿ ಸೇರಿಸಿಕೊಳ್ಳಿ.